ಸಿದ್ದರಾಯ ಮನೆ ಹಗುರ ಮಾಡಿದ್ದು

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಬಸ್ಸುಗಳಲ್ಲಿ ಕಂಡಕ್ಟರನಾಗಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೀಗಾಗಿ ಮನುಷ್ಯನ ಮುಖ ನೋಡಿದರೆ ಸಾಕು, ಅವನು ಟಿಕೆಟ್ ತೆಗೆದಿದ್ದಾನೋ ಇಲ್ಲವೋ ಹೇಳಿಬಿಡುತ್ತೇನೆ. ಆದರೆ ಝಳಕಿಯಲ್ಲಿ ನನ್ನ ಪಕ್ಕದ ಮನೆಯಲ್ಲೇ ಇರುವ ಸಿದ್ದರಾಯನ ಮುಖ ನೋಡಿ, ಅವನು ಇವತ್ತು ಏನು ಮಾಡಲಿದ್ದಾನೆ ಎಂದು ಹೇಳಲು ನನ್ನಿಂದ ಇನ್ನೂ ಆಗಿಲ್ಲ. ಅವನಿಗೇ ಗೊತ್ತಿರುವುದಿಲ್ಲ, ನನಗೆಲ್ಲಿಂದ ಗೊತ್ತಾಗಬೇಕು? ಅದು ಅವನ ಫೋನಿಗೆ ಮಾತ್ರ ಗೊತ್ತಿರುತ್ತದೆ.

ಸಿದ್ದರಾಯ ಕೆಟ್ಟವನೇನಲ್ಲ. ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಸೊಕ್ಕಿಲ್ಲ. ಗಿರಣಿ ತಿರುಗುವಾಗ ಕೈ ಖಾಲಿ ಇರುತ್ತದೆ, ತಾಪತ್ರಯ ಅಲ್ಲಿಂದ ಶುರು. ಖಾಲಿ ಕೈಗೆ ಫೋನು ಬರುತ್ತದೆ. ಫೋನಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಕೂತು, ಬದುಕು ಸುಧಾರಿಸುವ ಉಪಾಯ ಹೇಳುತ್ತಿರುತ್ತಾನೆ. ಉಳಿದವರು ಅದನ್ನು ನೋಡಿ, ನಕ್ಕು, ಮುಂದಿನದಕ್ಕೆ ಹೋಗುತ್ತಾರೆ. ನಮ್ಮ ಸಿದ್ದರಾಯ ಎದ್ದು ಹೋಗಿ ಮಾಡಿಯೇ ಬಿಡುತ್ತಾನೆ.

ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹುಗಿದಿಟ್ಟರೆ ಒಣಗುತ್ತದೆ ಎಂದು ಯಾರೋ ಹೇಳಿದ್ದರು. ಇವನ ಫೋನು ಬಚ್ಚಲಲ್ಲಿ ಬಿದ್ದಾಗ ಅಕ್ಕಿ ಸಿಗಲಿಲ್ಲ, ಗಿರಣಿಯಲ್ಲಿದ್ದ ಬಾನುಬಿಯ ಜೋಳದ ಚೀಲ ಸಿಕ್ಕಿತು. ಮರುದಿನ ಅದೇ ಚೀಲವನ್ನು ತಾನೇ ಎತ್ತಿ ಗಿರಣಿಗೆ ಸುರಿದ. ಇನ್ನೇನು ಫೋನು ಕಲ್ಲಿಗೆ ಹೋಗಬೇಕು, ಅಷ್ಟರಲ್ಲಿ ಯಾರೋ ಫೋನ್ ಮಾಡಿದರು, ಜೋಳದೊಳಗಿಂದ ಗಂಟೆ ಬಾರಿಸಿತು, ಉಳಿಯಿತು. ಒಣಗಿತ್ತು ಎಂಬುದಂತೂ ಖರೆ. ಆಮೇಲೊಮ್ಮೆ, ದಿನಾ ಒಂದು ಬಿಂದಿಗೆ ನೀರು ಕುಡಿದರೆ ಬುದ್ಧಿ ಚುರುಕಾಗುತ್ತದೆಂದು ಕುಡಿದು, ನನ್ನದೇ ಬಸ್ ಹತ್ತಿದ್ದ. ವಿಜಯಪುರ ಮುಟ್ಟುವುದರೊಳಗೆ ಅವನೊಬ್ಬನಿಗಾಗಿ ನಾನು ಎಷ್ಟು ಸಲ ಸೀಟಿ ಊದಿದೆನೋ ಲೆಕ್ಕವಿಲ್ಲ. ಬಸ್ಸಿನ ಮಂದಿ ಅವನನ್ನು ಬಿಟ್ಟು ನನಗೆ ಬೈದರು.

ಇದೆಲ್ಲ ನಗುವ ಮಾತಾಯಿತು. ಈಗ ಹೇಳುವುದು ಅವನ ಮಗಳ ಲಗ್ನದ ಮಾತು, ಸ್ವಲ್ಪ ಸರಿಯಾಗಿ ಕುಳಿತು ಕೇಳಬೇಕು.

ಮಗಳು ಭಾಗ್ಯಾ ಇಂಡಿಯಲ್ಲಿ ಬಿ.ಎ. ಮುಗಿಸಿದ ಜಾಣ ಹುಡುಗಿ. ಹೂವಿನ ಹಿಪ್ಪರಗಿಯ ಅಮಗೊಂಡಪ್ಪನ ಮಗ ಅಮಿತ ಬಂದು ನೋಡಿ ಹೋಗಿದ್ದ. ಬಸವನ ಬಾಗೇವಾಡಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಹುಡುಗ. ಅವನಿಗೆ ಇವಳು ಮನಸ್ಸಿಗೆ ಬಂದಳು, ಇವಳಿಗೆ ಅವನು ಬಂದ. ಆಮೇಲೆ ಫೋನಿನಲ್ಲಿ ಇಬ್ಬರೂ ಏನು ಮಾತಾಡಿಕೊಳ್ಳುತ್ತಾರೆಂದು ಕೇಳುವಷ್ಟು ನಾನು ಕೀಳಲ್ಲ, ಗೋಡೆಯೂ ಅಷ್ಟು ತೆಳ್ಳಗಿಲ್ಲ. ನಿಶ್ಚಯಕ್ಕೆ ದಿನ ಗೊತ್ತಾಗಿತ್ತು. ಅಮಗೊಂಡಪ್ಪನದು ಒಂದೇ ಷರತ್ತು: ಕೂಡಿದ ಮನೆಯ ಹುಡುಗಿಯೇ ಬೇಕು. ಅವನದು ಮೂವರು ಅಣ್ಣತಮ್ಮಂದಿರ ಮನೆ, ಒಂದೇ ಒಲೆ. ಅದನ್ನು ಅವನು ಹೇಳಿಕೊಳ್ಳದ ಜಾಗವಿಲ್ಲ. ಇಲ್ಲಿಯೂ ಸಿದ್ದರಾಯ, ಅವನ ತಮ್ಮ ಕಾಂತು ಇಬ್ಬರೂ ತಾಯಿ ರೇವವ್ವನ ಜೊತೆ ಕೂಡಿಯೇ ಇದ್ದರು. ಹೀಗಾಗಿ ಎಲ್ಲ ಸರಿಹೊಂದಿತ್ತು.

ನಿಶ್ಚಯದ ಹಿಂದಿನ ದಿನ ಲಿಂಬೆ ಒಯ್ಯುವ ಗಾಡಿ ಬರುವುದಿತ್ತು. ಕಾಂತು, ಅವನ ಹೆಂಡತಿ ಸುನಂದಾ, ಸಿದ್ದರಾಯನ ಹೆಂಡತಿ ಮಾಲಾ ಮೂವರೂ ತೋಟಕ್ಕೆ ಹೋದರು. ಭಾಗ್ಯಾ ಕುಪ್ಪಸ ತರಲು ಇಂಡಿಯ ಟೇಲರ್ ಹತ್ತಿರ ಹೋದಳು. ರೇವವ್ವ ಒಳಗೆ ಮಲಗಿದ್ದಳು. ಹೋಗುವಾಗ ಮಾಲಾ ಗಂಡನಿಗೆ ಹೇಳಿದಳು: "ಬೀಗರು ಬರೋರದಾರ. ಮನಿ ಒಂದೀಟ ಸ್ವಚ್ಛ ಮಾಡಿ ಇಡ್ರಿ."

ಬೇರೆ ಯಾರಾದರೂ ಆಗಿದ್ದರೆ ಕಸಬರಿಗೆ ಹುಡುಕುತ್ತಿದ್ದರು. ಸಿದ್ದರಾಯ ಫೋನ್ ತೆಗೆದ.

ಅದರಲ್ಲಿ ಬಿಳಿ ಅಂಗಿಯವನೊಬ್ಬ ಮನೆ ಹಗುರ ಮಾಡುವುದು ಹೇಗೆಂದು ಹೇಳುತ್ತಿದ್ದ. ಮನೆಯ ಸಾಮಾನೆಲ್ಲ ಒಂದು ಕಡೆ ಹೊರಗೆ ತರಬೇಕು. ಜಾಗವನ್ನು ಗೆರೆ ಹಾಕಿ ಎರಡು ಮಾಡಬೇಕು, ಒಂದು ಕಡೆ ಇಟ್ಟುಕೊಳ್ಳುವುದು, ಇನ್ನೊಂದು ಕಡೆ ಕೊಟ್ಟುಬಿಡುವುದು. ಪ್ರತಿ ವಸ್ತುವನ್ನೂ ಎದೆಗೆ ಹಿಡಿದು, ನೀನು ನನಗೆ ಬೇಕಾ ಎಂದು ಕೇಳಬೇಕು. ಒಂದೇ ತರಹದ್ದು ಎರಡಿದ್ದರೆ ಒಂದು ಸಾಕು.

ಈಗ ನೀವೇ ಹೇಳಿ, ಇಬ್ಬರು ಸೊಸೆಯಂದಿರು ತವರಿನಿಂದ ಭಾಂಡೆ ತಂದ ಮನೆಯಲ್ಲಿ ಎರಡಿಲ್ಲದ್ದು ಏನಿರುತ್ತದೆ? ಎರಡು ಹಂಡೆ, ಹಿಟ್ಟು ನಾದುವ ಎರಡು ಪರಾತ, ಎರಡು ಜೊತೆ ಕೊಡ, ಎರಡು ಟ್ರಂಕು. ಸಿದ್ದರಾಯ ರಂಗೋಲಿ ಪುಡಿ ತಂದು ತಲಬಾಗಿಲಿನಿಂದ ಬೀದಿಯವರೆಗೆ ಅಂಗಳದ ನಟ್ಟನಡುವೆ ದಾರ ಹಿಡಿದ ಹಾಗೆ ಗೆರೆ ಎಳೆದ. ಹಂಡೆ ಈ ಕಡೆ ಒಂದು, ಆ ಕಡೆ ಒಂದು. ಪರಾತ ಈ ಕಡೆ ಒಂದು, ಆ ಕಡೆ ಒಂದು. ಕಂಬಳಿ, ಕೌದಿಗಳನ್ನು ಸಹ ಎಣಿಸಿ ಅರ್ಧರ್ಧ ಮಾಡಿದ. ಅವನು ಜೀವನದಲ್ಲಿ ಒಂದು ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಪರ ಊರಿನವರಿಗೆ ಇದರಲ್ಲೇನು ವಿಶೇಷ ಎನಿಸಬಹುದು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವುದೇ ಹೀಗೆ. ಭಾಂಡೆಗಳು ಅಂಗಳಕ್ಕೆ ಬರುತ್ತವೆ, ನಡುವೆ ಗೆರೆ ಬೀಳುತ್ತದೆ. ಅಣ್ಣನಾದವನು ಎರಡು ಪಾಲು ಮಾಡಬೇಕು, ತಮ್ಮ ತನಗೆ ಬೇಕಾದ ಪಾಲು ಆರಿಸಬೇಕು. ಹಬ್ಬಕ್ಕೆ ಮನೆ ತೊಳೆಯುವಾಗಲೂ ಸಾಮಾನು ಹೊರಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆಗ ಯಾರೂ ಹಂಡೆಯನ್ನು ಎದೆಗೆ ಅವಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿಸುವುದಿಲ್ಲ. ಸಿದ್ದರಾಯನ ಕಣ್ಣಿಗೆ ಅಟ್ಟದ ಧೂಳು ಹೋಗಿತ್ತು, ಅದು ಬೇರೆ ಮಾತು.

ಎದುರು ಮನೆಯ ಬಾನುಬಿ ಇದನ್ನು ನೋಡಿದಳು. ನಾನೂ ಗೋಡೆಯ ಹತ್ತಿರವೇ ಇದ್ದೆ, ಬಟ್ಟೆ ಒಣಗಿದೆಯೋ ಇಲ್ಲವೋ ನೋಡುತ್ತಿದ್ದೆ.

"ಸಿದ್ದರಾಯಪ್ಪ, ಇದೇನ್ರಿ ಇದು?" ಎಂದಳು ಬಾನುಬಿ.

"ಈ ಕಡೀದು ನಮಗ, ಆ ಕಡೀದು ಕೊಡೋದು," ಎಂದ ಸಿದ್ದರಾಯ, ಕಣ್ಣೊರೆಸಿಕೊಳ್ಳುತ್ತ.

"ಕಾಂತು ಒಪ್ಪ್ಯಾನೇನ್ರಿ?"

"ಅವಗೇನ್ ಕೇಳೋದೈತಿ, ಬಾನುಬಿ? ಸಂಜಿಗಿ ಬಂದು ನೋಡಿ ಖುಷಿ ಆಗ್ತಾನ."

"ನಾಳಿ ಬೀಗರು ಬರೋದೈತಿ. ಇಂಥಾದ್ರಾಗ ಇದು ಬೇಕಿತ್ತೇನ್ರಿ?"

"ಅವರು ಬರೂದ್ರಾಗ ಮುಗದ ಹೋಗಬೇಕಂತನ ಮಾಡಾಕತ್ತೇನಿ. ಮನಸ ಎಷ್ಟು ಹಗುರ ಆಗೈತಿ ಅಂತೀ."

ಬಾನುಬಿ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದಳು. ಅವಳು ಸುದ್ದಿ ಹಬ್ಬಿಸುವ ಹೆಂಗಸಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಳೆ ಅಂಗಡಿ ಇಟ್ಟಿರುವ ಅಬಿದಾಳಿಗೆ ಮಾತ್ರ ಹೇಳಿದಳು. ಬಸ್ ಸ್ಟ್ಯಾಂಡು ಮುಟ್ಟಿದ ಸುದ್ದಿಗೆ ಕಂಡಕ್ಟರನ ಅಂಜಿಕೆ ಇರುವುದಿಲ್ಲ. ಅದು ಇಂಡಿ ಬಸ್ಸನ್ನೂ ಹತ್ತಿತು, ವಿಜಯಪುರದ ಬಸ್ಸನ್ನೂ ಹತ್ತಿತು.

ಮೊದಲು ಬಂದವರು ಹಿರಿಯರು. ಇಂಥ ಹೊತ್ತಿನಲ್ಲಿ ಹಿರಿಯರನ್ನು ಕರೆಯಬೇಕೆಂದಿಲ್ಲ, ಅವರೇ ಬರುತ್ತಾರೆ, ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಮಾಳಿಂಗ ಕಾಕಾ ಮುಂದೆ, ಅವರ ಹಿಂದೆ ಶ್ರೀಶೈಲಪ್ಪ. ಊರಿನ ಎಷ್ಟೋ ಮನೆಗಳನ್ನು ಒಡೆದುಕೊಟ್ಟ ಕೈಗಳು ಅವು, ಅಂದರೆ ಒಡೆಯದ ಹಾಗೆ ಬುದ್ಧಿ ಹೇಳಿ, ಆಮೇಲೆ ಒಡೆದುಕೊಟ್ಟ ಕೈಗಳು. ಅವರು ನಿಶ್ಚಯದ ಮಾತಿಗೆ ಒಂದು ದಿನ ಮೊದಲೇ ಬಂದಿದ್ದಾರೆಂದು ತಿಳಿದು ಸಿದ್ದರಾಯ ಚಾಪೆ ಹಾಸಿದ.

"ಯಾರ್ನ ಕೇಳಿ ಮಾಡಾಕತ್ತಿ ಇದನ್ನ?" ಎಂದರು ಮಾಳಿಂಗ ಕಾಕಾ.

"ಯಾರ್ನ ಕೇಳೋದೈತ್ರಿ ಕಾಕಾ? ನಮ್ಮ ಮನಿ ಸಾಮಾನ."

"ನಿನ್ನಷ್ಟಕ್ಕ ನಿನಗ ಹೊಳಿಯೂ ಮಾತಲ್ಲ ಇದು. ಯಾರ್ ತಲೀ ತುಂಬ್ಯಾರ ಹೇಳು."

"ಫೋನಿನ್ಯಾಗ ಒಬ್ಬಾಂವ ಹೇಳ್ಯಾನ್ರಿ."

"ವಕೀಲನ?"

"ವಕೀಲ ಅಲ್ಲರಿ."

"ಊರ ಯಾವ್ದು?"

"ಗೊತ್ತಿಲ್ರಿ."

"ಹೆಸರು?"

"ಅದೂ ಗೊತ್ತಿಲ್ರಿ. ಯಾವಾಗ ನೋಡಿದ್ರೂ ಬಿಳಿ ಅಂಗಿ ಹಾಕಿರ್ತಾನ."

ಮಾಳಿಂಗ ಕಾಕಾ ಶ್ರೀಶೈಲಪ್ಪನ ಕಡೆ ತಿರುಗಿ, "ವಕೀಲನ," ಎಂದರು. ಶ್ರೀಶೈಲಪ್ಪ ಗೋಣು ಹಾಕಿದ.

"ಕಾಕಾ, ಪರದೇಶದಾಗ ಎಲ್ಲಾ ಮಂದಿ ಹಿಂಗ ಮಾಡತಾರ್ರಿ," ಎಂದ ಸಿದ್ದರಾಯ.

"ಪರದೇಶದಾಗ ಮಾಡ್ಲಿ ಬಿಡು. ಅಲ್ಲೆ ಅಣ್ಣತಮ್ಮರು ಒಂದ ಮನ್ಯಾಗ ಎಲ್ಲಿರ್ತಾರ?"

ಈ ಮಾತು ಸಿದ್ದರಾಯನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಅವನು ನಗುತ್ತಾನೆ. ಆ ನಗುವನ್ನು ನೋಡಿ ಮಾಳಿಂಗ ಕಾಕಾನಿಗೆ ಮೈಯೆಲ್ಲ ಉರಿಯಿತು. ಗದ್ದಲಕ್ಕೆ ರೇವವ್ವ ಎಚ್ಚರಗೊಂಡು ಹೊರಗೆ ಬಂದಳು. ಭಾಂಡೆಯ ಎರಡು ಗುಂಪು ನೋಡಿದಳು, ನಡುವಿನ ಗೆರೆ ನೋಡಿದಳು, ಕಟ್ಟೆಯ ಮೇಲಿನ ಹಿರಿಯರನ್ನು ನೋಡಿದಳು. ಎಲೆ ಅಡಿಕೆಯ ಚೀಲ ಹಿಡಿದುಕೊಂಡು ನಿಧಾನವಾಗಿ ನಡೆದು ಬಂದು, ಸರಿಯಾಗಿ ಗೆರೆಯ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ಅವ್ವಾ, ಅಲ್ಲಿ ಯಾಕ ಕುಂತಿ?"

"ಮತ್ತೆಲ್ಲಿ ಕುಂಡ್ರಲಿ? ನಾ ಯಾರ ಪಾಲಿಗಿ ಬಂದೇನಿ ಅಂತ ನನಗೇನ್ ಗೊತ್ತು. ಬೇಕಾದಾವ್ರು ಎತಗೊಂಡ ಹೋಗ್ರಿ."

ಆಗ ಸಿದ್ದರಾಯನಿಗೆ ತಿಳಿಯಿತು. ಅವನ ಮುಖದಲ್ಲಿ ಅದು ಇಳಿಯುವುದನ್ನು ನಾನು ಗೋಡೆಯ ಮೇಲಿಂದ ಕಣ್ಣಾರೆ ಕಂಡೆ. ಮೊದಲು ನಗು ನಿಂತಿತು, ಆಮೇಲೆ ಬಾಯಿ ತೆರೆಯಿತು, ಆಮೇಲೆ ಕೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. "ಏ, ಹಂಗಲ್ಲರಿ," ಎಂದು ಶುರು ಮಾಡಿದ. ಆದರೆ ಹಿರಿಯರ ಮುಂದೆ ಎಲ್ಲರೂ ಹಂಗಲ್ಲ ಎಂದೇ ಶುರು ಮಾಡುವುದರಿಂದ ಅವರು ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಲಿಂಬೆಯ ಗಾಡಿಯೇ ಮನೆಯ ಮುಂದೆ ಬಂದು ನಿಂತಿತು. ತೋಟಕ್ಕೂ ಸುದ್ದಿ ಮುಟ್ಟಿತ್ತು, ಮೂವರೂ ಅದರಲ್ಲೇ ಬಂದಿದ್ದರು. ಕಾಂತು ಇಳಿದು ಬಂದು ಅಂಗಳ ನೋಡಿದವನೇ ಬೀದಿಬಾಗಿಲಲ್ಲಿ ಕುಕ್ಕರಿಸಿದ. ಗಟ್ಟಿ ಆಳು, ಮೈತುಂಬ ಲಿಂಬೆಮುಳ್ಳು ಗೀರಿದರೂ ಹಾ ಅನ್ನದವನು. ಈಗ ಟವೆಲಿನಿಂದ ಕಣ್ಣೊತ್ತಿಕೊಂಡ.

"ಅಣ್ಣಾ, ನನಗೊಂದ ಮಾತ ಹೇಳಿದ್ರ ನಾನ ಹೋಗತಿದ್ದೆ. ನಮ್ಮನ್ನ ತೋಟಕ್ಕ ಕಳಿಸಿ, ಹಿಂದ ಹಿಂಗ ಮಾಡೋದ? ಎಲ್ಲಾ ನೀನ ಇಟಗೋ. ನನಗೇನೂ ಬ್ಯಾಡ."

"ನನಗೂ ಬ್ಯಾಡೋ ಮಾರಾಯಾ. ಬ್ಯಾಡಾದ್ದನ್ನ ಹೊರಗ ಹಾಕಾಕತ್ತೇನಿ."

"ಕೇಳಿದೇನು ಶ್ರೀಶೈಲಪ್ಪ?" ಎಂದರು ಮಾಳಿಂಗ ಕಾಕಾ. "ತಮ್ಮ ಬ್ಯಾಡಾಗ್ಯಾನಂತ."

ಇಂಡಿಯಿಂದ ಭಾಗ್ಯಾ ಬಂದಳು. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಅವಳಿಗೇ ಈ ಸುದ್ದಿ ಹೇಳಿದ್ದಳಂತೆ: ಝಳಕಿಯಲ್ಲಿ ಗಿರಣಿಯವನೊಬ್ಬ ತಮ್ಮನನ್ನು, ತಾಯಿಯನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದನಂತೆ, ಎಂಥ ಕಾಲ ಬಂತು ನೋಡವ್ವ ಎಂದು. ಭಾಗ್ಯಾ ಹೌದವ್ವ ಎಂದು ಒಪ್ಪಿಕೊಂಡು ಬಂದಿದ್ದಳು. ಮನೆಯ ಮುಂದೆ ಬಂದು ನಿಂತಾಗ ಗೊತ್ತಾಯಿತು, ಆ ಗಿರಣಿಯವನು ಯಾರೆಂದು.

ಅವಳು ಅಳಲಿಲ್ಲ. ಅಪ್ಪನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಪ್ಪಾ, ನೀ ಜ್ವಾಳದಾಗ ಫೋನ್ ಹಾಕು, ಬಿಂದಿಗಿ ತುಂಬ ನೀರ ಕುಡಿ, ನಾ ಏನೂ ಅನ್ನಂಗಿಲ್ಲ. ಆದ್ರ ನನಗ ಆ ಹುಡುಗನ್ನ ಬಿಟ್ಟ ಬ್ಯಾರಿ ಹುಡುಗ ಬ್ಯಾಡ. ಅವರಪ್ಪ ಕೂಡಿದ ಮನಿ ಇಲ್ಲದಿದ್ರ ಬರಂಗಿಲ್ಲ. ಈಗ ನೀನ ಹೇಳು, ನಾ ಏನ್ ಮಾಡ್ಲಿ?"

ಸಿದ್ದರಾಯ ಇಷ್ಟು ವರ್ಷ ನೋಡಿದ ಸಾವಿರ ವಿಡಿಯೋಗಳಲ್ಲಿ ಒಂದೂ ಇದರ ಬಗ್ಗೆ ಇರಲಿಲ್ಲ. ಕೊನೆಗೆ ಅವನಿಗೆ ತಾನು ನಿರ್ದೋಷಿ ಎಂದು ಸಾಬೀತುಪಡಿಸುವ ಒಂದೇ ದಾರಿ ಕಂಡಿತು.

"ಎಲ್ಲಾರೂ ಕೇಳ್ರಿ," ಎಂದು ಫೋನ್ ತೆಗೆದ. "ಅವನ ಬಾಯಿಲಿಂದನ ಕೇಳ್ರಿ. ನಾ ಸ್ವಚ್ಛ ಮಾಡಾಕತ್ತಿದ್ದೆ, ಅಷ್ಟ."

ಎಲ್ಲರೂ ಸುತ್ತ ನಿಂತರು. ನಾನೂ ಗೋಡೆ ಇಳಿದು ಬಂದೆ, ಎಷ್ಟಂದರೂ ಸಾಕ್ಷಿ ಬೇಕಾಗುತ್ತದೆ. ಮೊದಲು ಫೋನಿನಲ್ಲಿ ಒಂದು ಹೆಣ್ಣು ಸಾಬೂನು ಮಾರಿದಳು. ಆಮೇಲೆ ಬಿಳಿ ಅಂಗಿಯವನು ಬಂದು ಸಾಮಾನು ಹೊರಗೆ ತೆಗೆಯಿರಿ ಎಂದ, ಗೆರೆ ಹಾಕಿ ಎಂದ. ಸಿದ್ದರಾಯ ಎದೆಯುಬ್ಬಿಸಿ ಒಬ್ಬೊಬ್ಬರ ಮುಖ ನೋಡಿದ. ಮಾಳಿಂಗ ಕಾಕಾ ಕೂಡ ಸ್ವಲ್ಪ ಮೆತ್ತಗಾದಂತೆ ಕಂಡಿತು. ಅಲ್ಲಿಗೇ ಫೋನ್ ಬಂದ್ ಮಾಡಿದ್ದರೆ ಆಗುತ್ತಿತ್ತು. ಆದರೆ ಸಿದ್ದರಾಯ ಯಾವ ವಿಡಿಯೋವನ್ನೂ ಕೊನೆಯವರೆಗೆ ನೋಡಿದವನಲ್ಲ, ಇದರ ಕೊನೆಯಲ್ಲಿ ಏನಿದೆಯೆಂದು ಅವನಿಗೂ ಗೊತ್ತಿರಲಿಲ್ಲ.

ಬಿಳಿ ಅಂಗಿಯವನು ಮುಂದುವರಿಸಿದ: "ನೆನಪಿಡಿ ಸ್ನೇಹಿತರೇ, ಸಂಬಂಧಗಳೂ ಅಷ್ಟೇ. ನಿಮಗೆ ಭಾರವೆನಿಸುವ ಬಂಧು-ಬಳಗವನ್ನು ಇಂದೇ ಗೆರೆಯಾಚೆ ಇಡಿ."

ಸಿದ್ದರಾಯ ಅವಸರದಲ್ಲಿ ಫೋನ್ ಬಂದ್ ಮಾಡಿದ. ಆಗಲೇ ಬೀದಿಬಾಗಿಲ ಹತ್ತಿರ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಅಮಗೊಂಡಪ್ಪ, ಜೊತೆಗೆ ಅವನ ಹೆಂಡತಿ ಇಂದುಬಾಯಿ. ವಿಜಯಪುರದಲ್ಲಿ ನಿಶ್ಚಯದ ಸೀರೆ ಆರಿಸುತ್ತಿದ್ದವರಿಗೆ ಅಂಗಡಿಯಲ್ಲೇ ಯಾರೋ ಫೋನ್ ಮಾಡಿ ತಿಳಿಸಿದ್ದರಂತೆ. ಯಾರೆಂದು ನನಗೆ ಗೊತ್ತಿಲ್ಲ, ನಾನಂತೂ ಅಲ್ಲ.

"ಕೂಡಿದ ಮನಿ ಅಂತ ಹೇಳಿದ್ರಿ," ಎಂದ ಅಮಗೊಂಡಪ್ಪ. ದನಿ ಏರಿಸಲಿಲ್ಲ, ಅದೇ ಅಂಜಿಕೆ ತಂದಿತು. "ಸೀರಿ ಇನ್ನಾ ತಗೊಂಡಿಲ್ಲ. ಛಲೋ ಆತು."

ಭಾಗ್ಯಾಳ ಕೈಯಲ್ಲಿದ್ದ ಕುಪ್ಪಸದ ಚೀಲ ನೆಲ ಮುಟ್ಟಿತು. ಸಿದ್ದರಾಯ ಕೈಮುಗಿದು ನಿಂತ. ನನಗೂ ಪಾಪ ಅನಿಸಿತು. ತಮಾಷೆ ಮಾಡುವುದೇನೋ ಸರಿ, ಹುಡುಗಿಯ ಮುಖ ನೋಡಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಮಾಲಾಳ ಕಣ್ಣು ಆ ಕಡೆಯ ಗುಂಪಿನ ಮೇಲೆ ಬಿತ್ತು. ಗೆರೆ ದಾಟಿ ಹೋಗಿ ಒಂದು ಹಂಡೆ ಎತ್ತಿದಳು.

"ಇದು ಸುನಂದಾನ ತವರಮನೀದು," ಎಂದು ಗಂಡನ ಕಡೆ ತಿರುಗಿದಳು. "ಅವರಪ್ಪ ಹೆಸರ ಕೆತ್ತಿಸಿ ಕೊಟ್ಟಾನ. ಇದನ್ನ ಕೊಟ್ಟ ಬಿಡಾಕ ನೀವ್ಯಾರ?"

"ಎರಡಿದ್ದುವಲ್ಲ ಅಂತ," ಎಂದ ಸಿದ್ದರಾಯ.

"ಎರಡಿದ್ರ? ನಿಮಗ ಕಿವಿ ಎರಡದಾವ, ಒಂದ ಕೊಟ್ಟ ಬಿಡ್ರಿ. ಹೆಂಗೂ ಒಂದ ಮಾತೂ ಕೇಳಂಗಿಲ್ಲ."

ಈಗ ಸುನಂದಾ ಬಂದಳು. ಭಾವನ ಎದುರು ಇವತ್ತಿನವರೆಗೆ ತಲೆ ಎತ್ತಿ ಮಾತಾಡಿದವಳಲ್ಲ. ಗುಂಪಿನಿಂದ ಒಂದು ಪರಾತ ಎಳೆದಳು. "ಭಾವಾರ, ವೈನಿ ಪರಾತ ಇದ್ರಾಗ ಯಾಕ ಬಂತ್ರಿ? ಇದ್ರಾಗ ನಾ ದಿನಾ ಹಿಟ್ಟ ನಾದತೇನಿ. ನನ್ನ ಪರಾತದಾಗ ವೈನಿ ನಾದತಾರ. ಅದನ್ನರ ಕೇಳಿ ಇಡಬೇಕಿಲ್ಲೋ?"

"ಕೇಳತಾರೇನವರು," ಎಂದಳು ಮಾಲಾ. "ಫೋನ್ ಕೇಳತಾರ."

"ಒಂದ ದಿನ ನಾವು ಮನ್ಯಾಗ ಇಲ್ಲ, ನೋಡ್ರಿ ವೈನಿ."

"ನಿನಗ ಹೇಳಲಿಲ್ಲೇನು ಸುನಂದಾ, ಇವರನ್ನ ಗಿರಣ್ಯಾಗ ಕುಂಡ್ರಿಸಿ ಹೋಗೂಣು ಅಂತ?"

ಹೀಗೆ ಬೈಯುತ್ತಲೇ ಇಬ್ಬರೂ ಕೆಲಸಕ್ಕೆ ಕೈಹಾಕಿದರು. ಮಾಲಾ ಈ ಕಡೆಯದನ್ನು ಒಳಗೆ ಒಯ್ಯುವಾಗ ಸುನಂದಾಳ ಕೌದಿ ಬಗಲಲ್ಲಿ, ಸುನಂದಾ ಆ ಕಡೆಯಿಂದ ಬರುವಾಗ ಮಾಲಾಳ ಕೊಡ ತಲೆಯ ಮೇಲೆ. ಹೋಗುವಾಗೊಮ್ಮೆ ಸಿದ್ದರಾಯನಿಗೆ ಬೈಗುಳ, ಬರುವಾಗೊಮ್ಮೆ ಸಿದ್ದರಾಯನಿಗೆ ಬೈಗುಳ. ಅವರ ಕಾಲಲ್ಲಿ ರಂಗೋಲಿಯ ಗೆರೆ ಅಳಿಸಿ ಅಂಗಳವೆಲ್ಲ ಬೆಳ್ಳಗಾಯಿತು. ಗೆರೆಯೇ ಇಲ್ಲದ ಮೇಲೂ ರೇವವ್ವ ಮಾತ್ರ ಕುಳಿತಲ್ಲಿಂದ ಏಳಲಿಲ್ಲ, ಸೊಸೆಯಂದಿರು ಅವಳನ್ನು ಸುತ್ತಿ ಹಾಯ್ದು ಹೋದರು.

ಅಮಗೊಂಡಪ್ಪ ಹೊರಡಲು ತಿರುಗಿದ್ದ. ಇಂದುಬಾಯಿ ಕದಲಲಿಲ್ಲ. ಅವಳು ಬಂದಾಗಿನಿಂದ ಆ ಇಬ್ಬರು ನೆಗೆಣ್ಣಿಯರನ್ನೇ ನೋಡುತ್ತಿದ್ದಳು.

"ನಿಲ್ರಿ," ಎಂದಳು ಗಂಡನಿಗೆ. "ಈ ಮನಿ ಒಡ್ಯಾಂಗಿಲ್ಲ."

"ಕಣ್ಣಮುಂದ ಒಡ್ಯಾಕತ್ತೈತಿ."

"ಒಡಿಯೋ ಮನ್ಯಾಗ ನೆಗೆಣ್ಯಾರು ಒಬ್ರಿಗೊಬ್ರು ಬೈತಾರ್ರಿ. ಇಲ್ಲಿ ಇಬ್ರೂ ಕೂಡಿ ಒಬ್ಬ ಗಂಡಸಿಗಿ ಬೈಯಾಕತ್ತಾರ. ಇಂಥಾ ಮನಿ ನಾ ಇನ್ನೂ ನೋಡಿದ್ದಿಲ್ಲ. ನನಗ ಈ ಮನಿ ಹುಡುಗೀನ ಬೇಕು."

ಅಮಗೊಂಡಪ್ಪ ವಿಚಾರ ಮಾಡಿದ. ಸಿದ್ದರಾಯನ ಮುಖವನ್ನೂ ಸರಿಯಾಗಿ ನೋಡಿದ. ಇಷ್ಟು ದೊಡ್ಡ ಸಂಚು ಮಾಡುವ ಶಕ್ತಿ ಈ ಮುಖಕ್ಕೆ ಇಲ್ಲವೆಂದು ಅವನಿಗೂ ಖಾತ್ರಿಯಾಗಿರಬೇಕು, ಚಪ್ಪಲಿ ಬಿಟ್ಟು ಒಳಗೆ ಬಂದ. ಕಾಂತು ಎದ್ದು ಕಣ್ಣೊರೆಸಿಕೊಂಡು ಅಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಆ ಗುದ್ದಿನಲ್ಲಿ ಪ್ರೀತಿ ಎಷ್ಟಿತ್ತು, ಸಿಟ್ಟು ಎಷ್ಟಿತ್ತು ಎಂಬುದನ್ನು ಸಿದ್ದರಾಯನೇ ಹೇಳಬೇಕು, ಬಹಳ ಹೊತ್ತು ಬೆನ್ನು ಸವರಿಕೊಳ್ಳುತ್ತಿದ್ದ.

ಉಳಿದ ಪೇಚು ಮಾಳಿಂಗ ಕಾಕಾನದು. ಹಿರಿಯರು ಬಂದು ಕಟ್ಟೆಯ ಮೇಲೆ ಕೂತ ಮೇಲೆ ಏನನ್ನೂ ತೀರ್ಮಾನಿಸದೆ ಏಳುವುದೆಂದರೆ ಅವಮಾನ. ಪಾಲು ಮಾಡಲು ಈಗ ಭಾಂಡೆ ಉಳಿದಿರಲಿಲ್ಲ. "ಹೆಂಗೂ ಕುಂತೇವಿ," ಎಂದರು ಅವರು ಗಂಟಲು ಸರಿಪಡಿಸಿಕೊಂಡು. "ಬೀಗರೂ ಬಂದಾರ. ನಾಳೀದು ಇವತ್ತ ಮುಗಸೂಣು. ಸಕ್ಕರಿ ತರ್ರಿ."

ಸಕ್ಕರೆ ಬಂತು. ರೇವವ್ವ ಎದ್ದು ಮೊಮ್ಮಗಳ ಬಾಯಿಗೆ ಹಾಕಿದಳು. ಭಾಗ್ಯಾ ಹಿರಿಯರ ಕಾಲಿಗೆ, ಅತ್ತೆ-ಮಾವನಾಗುವವರ ಕಾಲಿಗೆ ನಮಸ್ಕಾರ ಮಾಡಿದಳು. ಅಮಗೊಂಡಪ್ಪ ಕಟ್ಟೆಯ ಮೇಲೆ ಕೂತು, ಕೂಡಿದ ಮನೆಯ ಸುಖ, ತಾವು ಮೂವರು ಅಣ್ಣತಮ್ಮಂದಿರ ಒಂದೇ ಒಲೆ, ಇದನ್ನೆಲ್ಲ ಮಾಳಿಂಗ ಕಾಕಾನಿಗೆ ಮೊದಲಿನಿಂದ ಹೇಳತೊಡಗಿದ. ಕಾಕಾ ಚಹಾ ಕುಡಿಯುತ್ತ ಹೌದ್ರಿ ಹೌದ್ರಿ ಎಂದರು.

ಆ ಸಮಯ ನೋಡಿ ಇಂದುಬಾಯಿ ಸಿದ್ದರಾಯನನ್ನು ಗೋಡೆಯ ಹತ್ತಿರ ಕರೆದಳು. ನಾನು ಅಲ್ಲಿಯೇ ನಿಂತಿದ್ದೆ, ಸಕ್ಕರೆ ತಿನ್ನುತ್ತಿದ್ದೆ. ಭಾಗ್ಯಾಳೂ ಹಿಂದೆಯೇ ಇದ್ದಳು.

"ಬೀಗರ," ಎಂದಳು ಇಂದುಬಾಯಿ, ದನಿ ತಗ್ಗಿಸಿ. "ಲಗ್ನ ಮುಗದ ಮ್ಯಾಲ ಒಮ್ಮೆ ನಮ್ಮ ಮನಿಗಿ ಬರ್ರಿ. ಇವರು ಊರಾಗ ಇಲ್ಲದ ದಿನ ನೋಡಿ ನಾನ ಫೋನ್ ಮಾಡ್ತೇನಿ. ನಮ್ಮ ಸಾಮಾನೂ ಹಿಂಗ ಅಂಗಳಕ್ಕ ತೆಗದು, ಪಾಲ ಮಾಡಿ ಕೊಡ್ರಿ. ಮೂರ ಪಾಲ. ನಾವು ಮೂವರು ನೆಗೆಣ್ಯಾರು ಮಾತ ಬಿಟ್ಟು ಎಷ್ಟ ವರ್ಷಾತೋ, ಆದ್ರೂ ಒಂದ ಒಲಿ ಮುಂದ ಕುಂತೇವಿ. ಯಾರಾರ ಶುರು ಮಾಡ್ತಾರೇನು ಅಂತ ದಾರಿ ಕಾಯಾಕತ್ತೇನಿ."

ಜೀವನದಲ್ಲಿ ಮೊದಲ ಸಲ ಒಬ್ಬರು ಸಿದ್ದರಾಯನ ಉಪಾಯ ಕೇಳಿಕೊಂಡು ಬಂದಿದ್ದರು. ಅವನೋ ಎರಡು ಕೈ ಮುಗಿದು, ಬ್ಯಾಡ್ರಿ, ನಾ ಇನ್ನ ಯಾವ ಸಾಮಾನೂ ಮುಟ್ಟಂಗಿಲ್ಲರಿ ಎಂದು ತೊದಲಿದ. ದಿಕ್ಕು ತೋಚದೆ ಮಗಳ ಕಡೆ ನೋಡಿದ. ಕೂಡಿದ ಮನೆಯ ಹುಡುಗಿ ಎಂದು ಬೀಗರು ಈಗಷ್ಟೇ ಆರಿಸಿಕೊಂಡಿದ್ದ ಭಾಗ್ಯಾ, ತಲೆ ಬಗ್ಗಿಸಿ, ಸೆರಗು ಸರಿಪಡಿಸಿಕೊಂಡು, ಬಹಳ ಮೆಲ್ಲಗೆ ಹೇಳಿದಳು:

"ಹೂಂ ಅನ್ನಪ್ಪಾ. ಅತ್ತಿ ಬಾಯಿ ತೆರದು ಕೇಳಿದ ಮ್ಯಾಲ ಒಲ್ಲೆ ಅನಬಾರದು."